ವೈಜ್ಞಾನಿಕ ಸಿಮ್ಯುಲೇಶನ್ ತಂತ್ರಾಂಶಗಳ ಕಂಟೈನರ್ ಆಧಾರಿತ ನಿರ್ಮಾಣ ಮತ್ತು ಸ್ಥಾಪನೆ

ವೈಜ್ಞಾನಿಕ ಸಿಮ್ಯುಲೇಶನ್ ತಂತ್ರಾಂಶಗಳ ಕಂಟೈನರ್ ಆಧಾರಿತ ಸ್ಥಾಪನೆ ಎಂದರೆ ದ್ರವಗಳ ಹರಿವು, ಶಾಖದ ಚಲನೆ, ಅಣುಗಳ ವರ್ತನೆ, ಅಂತರ್ಜಲದ ಸಂಚಾರ ಮುಂತಾದ ಭೌತಿಕ ವಿದ್ಯಮಾನಗಳನ್ನು ಗಣಕಯಂತ್ರದಲ್ಲಿ ಅನುಕರಿಸುವ ತಂತ್ರಾಂಶವನ್ನು, ಅದಕ್ಕೆ ಬೇಕಾದ ಎಲ್ಲ ಪೂರಕ ಲೈಬ್ರರಿಗಳ ಸಮೇತ ಒಂದೇ ಕಟ್ಟಿನಲ್ಲಿ ಅಡಕಗೊಳಿಸಿ ಬೇರೆ ಬೇರೆ ಯಂತ್ರಗಳಲ್ಲಿ ಬಳಸುವ ವಿಧಾನ. ಈ ಕಟ್ಟಿಗೆ ಇಮೇಜ್ ಅಥವಾ ಬಿಂಬ ಎಂದೂ, ಅದು ಯಂತ್ರದಲ್ಲಿ ಚಾಲನೆಗೊಂಡಾಗಿನ ರೂಪಕ್ಕೆ ಕಂಟೈನರ್ ಎಂದೂ ಹೆಸರು. ಕರ್ನಾಟಕದಲ್ಲಿ ಇಂತಹ ಗಣನೆಯ ಮುಖ್ಯ ನೆಲೆ ಬೆಂಗಳೂರಿನ ಸಂಶೋಧನಾ ಸಂಸ್ಥೆಗಳು. ಆದರೆ ಗಣಿಸಬೇಕಾದ ಸಮಸ್ಯೆಗಳು ರಾಜ್ಯದ ಎಲ್ಲೆಡೆ ಇವೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಗಳ ಸುಣ್ಣಕಲ್ಲಿನ ಪ್ರದೇಶ ಅದಕ್ಕೆ ಒಳ್ಳೆಯ ಉದಾಹರಣೆ.

ಕಂಟೈನರ್ ಎಂದೊಡನೆ ವಾಡಿ ಜಂಕ್ಷನ್ನಿನಲ್ಲಿ ಹಾದುಹೋಗುವ ಸರಕು ರೈಲಿನ ಪೆಟ್ಟಿಗೆ ನೆನಪಾಗುವುದು ಸಹಜ. ಹೋಲಿಕೆ ತಪ್ಪಲ್ಲ. ಡಾಕರ್ ಎಂಬ ಪ್ರಸಿದ್ಧ ಕಂಟೈನರ್ ತಂತ್ರಾಂಶದ ಲಾಂಛನವೇ ಬೆನ್ನ ಮೇಲೆ ಪೆಟ್ಟಿಗೆಗಳನ್ನು ಹೊತ್ತ ತಿಮಿಂಗಿಲ. ಒಳಗೆ ಏನಿದೆ ಎಂಬುದನ್ನು ಲೆಕ್ಕಿಸದೆ ಹಡಗು, ರೈಲು, ಲಾರಿ ಮೂರೂ ಒಂದೇ ಅಳತೆಯ ಪೆಟ್ಟಿಗೆಯನ್ನು ಸಾಗಿಸುವಂತೆ, ಒಂದೇ ಇಮೇಜನ್ನು ಲ್ಯಾಪ್‌ಟಾಪ್, ಪ್ರಯೋಗಾಲಯದ ಸರ್ವರ್ ಮತ್ತು ಸೂಪರ್‌ಕಂಪ್ಯೂಟರ್‌ಗಳು ನಡೆಸಬಲ್ಲವು. ಈ ಮಾತು ಎಷ್ಟರ ಮಟ್ಟಿಗೆ ನಿಜ, ಎಲ್ಲಿ ಮುರಿದುಬೀಳುತ್ತದೆ ಎಂಬುದನ್ನು ಮುಂದೆ ವಿವರಿಸಲಾಗಿದೆ.

ಸ್ಥಾಪನೆಯ ಸಮಸ್ಯೆ

ಸಾಮಾನ್ಯ ಬಳಕೆಯ ತಂತ್ರಾಂಶವನ್ನು ಸಿದ್ಧರೂಪದಲ್ಲಿ ಇಳಿಸಿಕೊಂಡು ಬಳಸಬಹುದು. ವೈಜ್ಞಾನಿಕ ತಂತ್ರಾಂಶದಲ್ಲಿ ಬಹುಪಾಲು ಮೂಲ ಸಂಕೇತದ ರೂಪದಲ್ಲಿ ಲಭ್ಯವಿದ್ದು, ಬಳಸುವ ಯಂತ್ರದಲ್ಲಿಯೇ ಅದನ್ನು ಕಂಪೈಲ್ ಮಾಡಿಕೊಳ್ಳಬೇಕಾಗುತ್ತದೆ. ದ್ರವಚಲನೆಯ ಗಣನೆಗೆ ವ್ಯಾಪಕವಾಗಿ ಬಳಕೆಯಲ್ಲಿರುವ ಓಪನ್‌ಫೋಮ್ ತಂತ್ರಾಂಶವನ್ನು ತೆಗೆದುಕೊಳ್ಳಬಹುದು. 1980ರ ದಶಕದ ಕೊನೆಯಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಆರಂಭವಾದ ಇದು 2004ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆಯಾಯಿತು. ಇದನ್ನು ಕಟ್ಟಲು ತಕ್ಕ ಆವೃತ್ತಿಯ ಸಿ++ ಕಂಪೈಲರ್, ಹಲವು ಸಂಸ್ಕಾರಕಗಳ ನಡುವೆ ಸಂದೇಶ ಸಾಗಿಸುವ ಎಂಪಿಐ ಲೈಬ್ರರಿ, ಜಾಲರಿಯನ್ನು ಭಾಗಗಳಾಗಿ ವಿಂಗಡಿಸುವ ಸ್ಕಾಚ್, ಫಲಿತಾಂಶವನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂ ಮುಂತಾದವು ಬೇಕು. ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಅವಲಂಬನೆಗಳಿವೆ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಲು ಹಲವು ಗಂಟೆಗಳು ಬೇಕಾಗುತ್ತವೆ. ಒಂದು ಲೈಬ್ರರಿಯ ಆವೃತ್ತಿ ಹೊಂದದಿದ್ದರೆ ಆ ಗಂಟೆಗಳೆಲ್ಲ ವ್ಯರ್ಥ. ಸಾಲದೆಂಬಂತೆ ಓಪನ್‌ಫೋಮ್‌ನಲ್ಲಿ ಇಂದು ಎರಡು ಪ್ರಮುಖ ಶಾಖೆಗಳಿವೆ: ಓಪನ್‌ಫೋಮ್ ಫೌಂಡೇಶನ್ನಿನದು ಒಂದು, ಓಪನ್‌ಸಿಎಫ್‌ಡಿ ಸಂಸ್ಥೆಯದು ಇನ್ನೊಂದು. ಹೆಸರು ಒಂದೇ ಆದರೂ ಒಂದಕ್ಕಾಗಿ ಬರೆದ ಕಡತ ಇನ್ನೊಂದರಲ್ಲಿ ನಡೆಯದೆ ಇರಬಹುದು.

ಇದಕ್ಕಿಂತ ಗಂಭೀರವಾದದ್ದು ಪುನರಾವರ್ತನೆಯ ಪ್ರಶ್ನೆ. ಪ್ರಯೋಗಾಲಯದ ಪ್ರಯೋಗವನ್ನು ಇನ್ನೊಬ್ಬರು ಮತ್ತೆ ಮಾಡಿ ನೋಡಲು ಸಾಧ್ಯವಿರಬೇಕು ಎಂಬುದು ವಿಜ್ಞಾನದ ಮೂಲ ನಿಯಮ. ಗಣಕಯಂತ್ರದ ಗಣನೆಯೂ ಒಂದು ಪ್ರಯೋಗವೇ. ಐದು ವರ್ಷಗಳ ಹಿಂದಿನ ಗಣನೆಯನ್ನು ಮತ್ತೆ ನಡೆಸಹೊರಟಾಗ ಅಂದಿನ ಕಂಪೈಲರ್ ಇಲ್ಲ, ಅಂದಿನ ಕಾರ್ಯಾಚರಣಾ ವ್ಯವಸ್ಥೆಗೆ ಬೆಂಬಲ ನಿಂತಿದೆ, ಸ್ಥಾಪಿಸಿಕೊಟ್ಟ ವಿದ್ಯಾರ್ಥಿ ಪದವಿ ಮುಗಿಸಿ ಹೋಗಿದ್ದಾನೆ ಎಂಬ ಸ್ಥಿತಿ ವಿಶ್ವವಿದ್ಯಾಲಯಗಳಲ್ಲಿ ಅಪರೂಪವಲ್ಲ. ಭಾರತದ ಅನೇಕ ಗಣನ ಕೇಂದ್ರಗಳು ಬಳಸುತ್ತಿದ್ದ ಸೆಂಟ್‌ಓಎಸ್ 7ಕ್ಕೆ ಬೆಂಬಲ 2024ರ ಜೂನ್ 30ರಂದು ಮುಗಿಯಿತು.

ಕಂಟೈನರಿನ ತತ್ತ್ವ

ಕಂಟೈನರನ್ನು ವರ್ಚುವಲ್ ಮಷೀನ್ ಎಂದು ತಿಳಿಯುವುದು ಸಾಮಾನ್ಯ ತಪ್ಪು. ವರ್ಚುವಲ್ ಮಷೀನಿನಲ್ಲಿ ಯಂತ್ರದೊಳಗೊಂದು ಇಡೀ ಯಂತ್ರವನ್ನೇ ಅನುಕರಿಸಿ, ಅದರ ಮೇಲೆ ಪ್ರತ್ಯೇಕ ಕರ್ನಲ್ ನಡೆಯುತ್ತದೆ. ಕಂಟೈನರಿನಲ್ಲಿ ಕರ್ನಲ್ ಒಂದೇ, ಅದು ಆತಿಥೇಯ ಯಂತ್ರದ್ದು. ಒಳಗಿನ ತಂತ್ರಾಂಶಕ್ಕೆ ಕಾಣುವ ಕಡತ ವ್ಯವಸ್ಥೆ ಮಾತ್ರ ಬೇರೆ. ಒಂದೇ ಮನೆಯ ಬೇರೆ ಬೇರೆ ಕೋಣೆಗಳಲ್ಲಿ ಬಾಡಿಗೆದಾರರು ಇರುವಂತೆ: ಬಾವಿ ಒಂದೇ, ಅಡಿಗೆಮನೆ ಬೇರೆ. ಈ ಕಾರಣದಿಂದ ಕಂಟೈನರ್ ಕೂಡಲೇ ಆರಂಭಗೊಳ್ಳುತ್ತದೆ ಮತ್ತು ಗಣನೆಯ ವೇಗದಲ್ಲಿ ಗಮನಾರ್ಹ ನಷ್ಟವಾಗುವುದಿಲ್ಲ.

ಇದರ ಬೇರು ಹಳೆಯದು. ಒಂದು ಪ್ರಕ್ರಿಯೆಗೆ ಕಾಣುವ ಮೂಲ ಕಡತಕೋಶವನ್ನು ಬದಲಿಸುವ ಸಿಎಚ್‌ರೂಟ್ ಎಂಬ ಸೌಲಭ್ಯ 1979ರ ಯುನಿಕ್ಸ್ 7ನೆಯ ಆವೃತ್ತಿಯಲ್ಲಿಯೇ ಇತ್ತು. ಫ್ರೀಬಿಎಸ್‌ಡಿಯ ಜೈಲ್ 2000ದಲ್ಲಿ ಬಂದಿತು. ಲಿನಕ್ಸ್ ಕರ್ನಲ್‌ನಲ್ಲಿ ನೇಮ್‌ಸ್ಪೇಸ್ ಮತ್ತು ಸಿಗ್ರೂಪ್ ಎಂಬ ಎರಡು ಸೌಲಭ್ಯಗಳು ಹಂತಹಂತವಾಗಿ ಸೇರಿದವು. ಮೊದಲನೆಯದು ಪ್ರಕ್ರಿಯೆಗೆ ಏನು ಕಾಣಬೇಕು ಎಂಬುದನ್ನೂ, ಎರಡನೆಯದು ಅದು ಎಷ್ಟು ಸ್ಮೃತಿ ಮತ್ತು ಸಂಸ್ಕಾರಕ ಸಮಯವನ್ನು ಬಳಸಬಹುದು ಎಂಬುದನ್ನೂ ನಿಯಂತ್ರಿಸುತ್ತವೆ. 2013ರ ಮಾರ್ಚ್‌ನಲ್ಲಿ ಸಾಲೊಮನ್ ಹೈಕ್ಸ್ ಪ್ರಕಟಿಸಿದ ಡಾಕರ್ ಈ ಬಿಡಿಭಾಗಗಳನ್ನು ಸುಲಭವಾಗಿ ಬಳಸಬಹುದಾದ ಒಂದೇ ಸಾಧನವಾಗಿ ಜೋಡಿಸಿತು.

ಡಾಕರ್ ಮತ್ತು ಆಪ್ಟೇನರ್

ಡಾಕರ್ ಜಾಲತಾಣಗಳ ಜಗತ್ತನ್ನು ಬೇಗ ಗೆದ್ದರೂ ಸೂಪರ್‌ಕಂಪ್ಯೂಟರ್ ಕೇಂದ್ರಗಳು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅದರ ಹಿನ್ನೆಲೆ ಸೇವೆ ಮೂಲತಃ ರೂಟ್ ಅಧಿಕಾರದಿಂದ, ಎಂದರೆ ಯಂತ್ರದ ಸರ್ವಾಧಿಕಾರದಿಂದ ನಡೆಯುತ್ತದೆ. ಡಾಕರ್ ಬಳಸುವ ಅನುಮತಿ ಕೊಡುವುದೆಂದರೆ ವಾಸ್ತವದಲ್ಲಿ ರೂಟ್ ಅಧಿಕಾರವನ್ನೇ ಕೊಟ್ಟಂತೆ. ನೂರಾರು ಬಳಕೆದಾರರು ಹಂಚಿಕೊಳ್ಳುವ ಯಂತ್ರದಲ್ಲಿ ಇದು ಒಪ್ಪತಕ್ಕ ಮಾತಲ್ಲ. ಬಳಕೆದಾರರ ಕಡೆಯಿಂದ ನೋಡಿದರೆ ತೊಡಕು ಇದಕ್ಕೆ ವಿರುದ್ಧವಾದದ್ದು. ರೂಟ್ ಅಧಿಕಾರವಿಲ್ಲದೆ ತಮಗೆ ಬೇಕಾದ ಲೈಬ್ರರಿಯನ್ನು ಅವರು ಸ್ಥಾಪಿಸಲಾರರು, ನಿರ್ವಾಹಕರಿಗೆ ಮನವಿ ಸಲ್ಲಿಸಿ ಕಾಯಬೇಕು.

ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಗ್ರೆಗರಿ ಕರ್ಟ್ಜರ್ 2015ರಲ್ಲಿ ಆರಂಭಿಸಿದ ಸಿಂಗ್ಯುಲಾರಿಟಿ ಈ ಎರಡೂ ತೊಡಕುಗಳಿಗೆ ಒಂದೇ ಉತ್ತರ ಕೊಟ್ಟಿತು. ಹೊರಗೆ ಯಾರೋ ಒಳಗೂ ಅವರೇ ಎಂಬುದು ಅದರ ನಿಯಮ. ಸಾಮಾನ್ಯ ಬಳಕೆದಾರ ಕಂಟೈನರಿನೊಳಗೆ ಹೋದರೂ ಸಾಮಾನ್ಯ ಬಳಕೆದಾರನಾಗಿಯೇ ಉಳಿಯುತ್ತಾನೆ, ಅವನ ಮನೆಕೋಶದ ಕಡತಗಳು ಎಂದಿನಂತೆ ಕಾಣುತ್ತವೆ. ಇಡೀ ಇಮೇಜ್ ಎಸ್‌ಐಎಫ್ ಎಂಬ ಒಂದೇ ಕಡತದಲ್ಲಿರುತ್ತದೆ. ಅದನ್ನು ನಕಲು ಮಾಡಬಹುದು, ಪೆನ್‌ಡ್ರೈವಿನಲ್ಲಿ ಒಯ್ಯಬಹುದು, ಪ್ರಬಂಧದೊಂದಿಗೆ ದತ್ತಾಂಶ ಭಂಡಾರದಲ್ಲಿ ಇರಿಸಬಹುದು. 2021ರ ನವೆಂಬರ್‌ನಲ್ಲಿ ಯೋಜನೆಯು ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ಬಂದು ಆಪ್ಟೇನರ್ ಎಂಬ ಹೆಸರು ಪಡೆಯಿತು. ಸಿಲಾಬ್ಸ್ ಸಂಸ್ಥೆ ಸಿಂಗ್ಯುಲಾರಿಟಿ ಹೆಸರಿನಲ್ಲಿಯೇ ಪ್ರತ್ಯೇಕ ಶಾಖೆಯನ್ನು ಮುಂದುವರಿಸಿದೆ. ಇದೇ ಉದ್ದೇಶಕ್ಕೆ ರೂಪುಗೊಂಡ ನೆರ್ಸ್ಕ್ ಕೇಂದ್ರದ ಶಿಫ್ಟರ್, ಲಾಸ್ ಅಲಮೋಸ್‌ನ ಚಾರ್ಲಿಕ್ಲೌಡ್, ರೆಡ್ ಹ್ಯಾಟ್‌ನ ಪಾಡ್‌ಮನ್‌ಗಳೂ ಬಳಕೆಯಲ್ಲಿವೆ.

ನಿರ್ಮಾಣದ ಕ್ರಮ

ಇಮೇಜನ್ನು ಕೈಯಿಂದ ಕಟ್ಟದೆ, ಒಂದು ವಿವರಣಾ ಕಡತದಿಂದ ಕಟ್ಟುವುದು ರೂಢಿ. ಡಾಕರ್‌ನಲ್ಲಿ ಇದಕ್ಕೆ ಡಾಕರ್‌ಫೈಲ್ ಎಂದೂ ಆಪ್ಟೇನರ್‌ನಲ್ಲಿ ಡೆಫಿನಿಷನ್ ಫೈಲ್ ಎಂದೂ ಹೆಸರು. ಇದು ಅಡಿಗೆಯ ವಿಧಾನವನ್ನು ಬರೆದಿಟ್ಟ ಚೀಟಿಯಿದ್ದಂತೆ. ಇಮೇಜ್ ಎಂಬುದು ಕಟ್ಟಿದ ಬುತ್ತಿ. ಬುತ್ತಿಯನ್ನಷ್ಟೇ ಉಳಿಸಿಕೊಂಡು ಚೀಟಿಯನ್ನು ಕಳೆದುಕೊಂಡರೆ ನಾಳೆ ಅದರಲ್ಲಿ ಏನನ್ನಾದರೂ ತಿದ್ದುವುದು ಕಷ್ಟ. ಆದ್ದರಿಂದ ಎರಡನ್ನೂ ಕಾಪಾಡಬೇಕು.

ಮೊದಲು ಅಡಿಪಾಯವಾಗಿ ಉಬುಂಟು, ಡೆಬಿಯನ್ ಅಥವಾ ರಾಕಿ ಲಿನಕ್ಸ್‌ನಂತಹ ಒಂದು ಮೂಲ ಇಮೇಜನ್ನು ಆರಿಸಲಾಗುತ್ತದೆ. ಇಲ್ಲಿ 'ಲೇಟೆಸ್ಟ್' ಎಂಬ ಗುರುತನ್ನು ನೆಚ್ಚಿಕೊಳ್ಳುವುದು ಹೆಚ್ಚಿನವರು ಮಾಡುವ ಮೊದಲ ತಪ್ಪು. ಇಂದು ಆ ಹೆಸರಿನಲ್ಲಿ ಸಿಗುವುದು ಒಂದು, ಮುಂದಿನ ವರ್ಷ ಸಿಗುವುದು ಮತ್ತೊಂದು. ಆವೃತ್ತಿಯ ಸಂಖ್ಯೆಯನ್ನು, ಸಾಧ್ಯವಾದರೆ ಇಮೇಜಿನ ಎಸ್‌ಎಚ್‌ಎ-256 ಮುದ್ರೆಯನ್ನೇ ನಮೂದಿಸಿದರೆ ಈ ಗೊಂದಲವಿರುವುದಿಲ್ಲ. ಅನಂತರ ಆಪ್ಟೇನರ್‌ನ 'ಪೋಸ್ಟ್' ಎಂಬ ವಿಭಾಗದಲ್ಲಿ ಕಂಪೈಲರ್, ಎಂಪಿಐ, ಗಣಿತ ಲೈಬ್ರರಿಗಳನ್ನು ಸ್ಥಾಪಿಸಿ, ಸಿಮ್ಯುಲೇಶನ್ ತಂತ್ರಾಂಶದ ಮೂಲ ಸಂಕೇತವನ್ನು ಇಳಿಸಿ ಕಂಪೈಲ್ ಮಾಡುವ ಆದೇಶಗಳು ಬರುತ್ತವೆ. 'ಎನ್ವಿರಾನ್‌ಮೆಂಟ್' ವಿಭಾಗದಲ್ಲಿ ಪರಿಸರ ಚರಗಳು, 'ರನ್‌ಸ್ಕ್ರಿಪ್ಟ್' ವಿಭಾಗದಲ್ಲಿ ಚಾಲನೆಯ ಆದೇಶ, 'ಟೆಸ್ಟ್' ವಿಭಾಗದಲ್ಲಿ ಪರೀಕ್ಷೆ ಇರುತ್ತವೆ. ಬಹಳಷ್ಟು ವಿವರಣಾ ಕಡತಗಳಲ್ಲಿ ಈ ಕೊನೆಯ ವಿಭಾಗ ಖಾಲಿ. ಉತ್ತರ ಮೊದಲೇ ತಿಳಿದಿರುವ ಒಂದು ಚಿಕ್ಕ ಸಮಸ್ಯೆಯನ್ನು ಅಲ್ಲಿ ಬಿಡಿಸಿ ನೋಡಿದರೆ, ಕಟ್ಟಡ ನೆಟ್ಟಗಿದೆಯೇ ಎಂಬುದು ಇಮೇಜ್ ಸಿದ್ಧವಾಗುವ ಹೊತ್ತಿಗೇ ಗೊತ್ತಾಗುತ್ತದೆ. ಓಪನ್‌ಫೋಮ್‌ನಲ್ಲಿ ಇದಕ್ಕೆ 'ಕ್ಯಾವಿಟಿ' ಎಂಬ ಪಾಠದ ಉದಾಹರಣೆ ಸಾಕು. ಚೌಕಾಕಾರದ ಪಾತ್ರೆಯ ಮೇಲ್ಮುಚ್ಚಳ ಸರಿಯುತ್ತಿರುವಾಗ ಒಳಗಿನ ದ್ರವ ಸುತ್ತುವ ಬಗೆಯನ್ನು ಅದು ಗಣಿಸುತ್ತದೆ.

ಕಂಪೈಲ್ ಮಾಡುವಾಗ ಉಂಟಾಗುವ ತಾತ್ಕಾಲಿಕ ಕಡತಗಳು ಇಮೇಜಿನಲ್ಲಿ ಉಳಿದರೆ ಅದರ ಗಾತ್ರ ಹಲವು ಗಿಗಾಬೈಟ್‌ಗಳಷ್ಟು ಹಿಗ್ಗುತ್ತದೆ. ಅದಕ್ಕಾಗಿ ಎರಡು ಹಂತದ ನಿರ್ಮಾಣವನ್ನು ಅನುಸರಿಸುತ್ತಾರೆ: ಮೊದಲ ಹಂತದ ಇಮೇಜಿನಲ್ಲಿ ಕಂಪೈಲ್ ಮಾಡಿ, ಸಿದ್ಧಗೊಂಡ ಭಾಗವನ್ನಷ್ಟೇ ಎರಡನೆಯ ಚಿಕ್ಕ ಇಮೇಜಿಗೆ ನಕಲು ಮಾಡುವುದು. ಜಿಲ್ಲಾ ಕೇಂದ್ರದಿಂದ ದೂರದ ಕಾಲೇಜುಗಳಲ್ಲಿ ಮೂರು ಗಿಗಾಬೈಟ್ ಮತ್ತು ಮುನ್ನೂರು ಮೆಗಾಬೈಟ್‌ಗಳ ನಡುವಣ ಅಂತರ ಒಂದು ಪ್ರಯೋಗ ತರಗತಿಯ ಅವಧಿಯಷ್ಟು ದೊಡ್ಡದಾಗಬಹುದು. ಇದಲ್ಲದೆ ಡಾಕರ್ ಹಬ್ 2020ರ ನವೆಂಬರ್‌ನಿಂದ ಹೆಸರು ನೋಂದಾಯಿಸದ ಬಳಕೆದಾರರು ಇಳಿಸಿಕೊಳ್ಳುವುದಕ್ಕೆ ಐಪಿ ವಿಳಾಸದ ಲೆಕ್ಕದಲ್ಲಿ ಮಿತಿ ಹಾಕಿದೆ. ಇಡೀ ಕಾಲೇಜು ಒಂದೇ ವಿಳಾಸದ ಹಿಂದಿದ್ದರೆ ತರಗತಿಯ ಅರ್ಧ ಮಂದಿಗೆ ಬಾಗಿಲು ಮುಚ್ಚುತ್ತದೆ. ಒಬ್ಬರು ಇಳಿಸಿಕೊಂಡ ಎಸ್‌ಐಎಫ್ ಕಡತವನ್ನು ಸ್ಥಳೀಯ ಜಾಲದಲ್ಲಿ ಹಂಚಿಕೊಳ್ಳುವುದು ಇದಕ್ಕೆ ಸರಳ ಪರಿಹಾರ.

ಎಂಪಿಐ ಮತ್ತು ಯಂತ್ರಾಂಶದ ತೊಡಕುಗಳು

ಒಂದೇ ಯಂತ್ರದಲ್ಲಿ ನಡೆಯುವ ಗಣನೆಗೆ ಮೇಲಿನ ಕ್ರಮ ಸಾಕು. ಹಲವು ಗಣಕಗಳಲ್ಲಿ ಏಕಕಾಲಕ್ಕೆ ನಡೆಯುವ ಗಣನೆಯಲ್ಲಿ ನಿಜವಾದ ಕಷ್ಟ ಆರಂಭವಾಗುತ್ತದೆ. ಅಲ್ಲಿ ರೂಢಿಯಲ್ಲಿರುವುದು ಮಿಶ್ರ ಪದ್ಧತಿ. ಆತಿಥೇಯ ಯಂತ್ರದ ಎಂಪಿಐ ಪ್ರಕ್ರಿಯೆಗಳನ್ನು ಹೊರಗಿನಿಂದ ಆರಂಭಿಸುತ್ತದೆ, ಪ್ರತಿಯೊಂದು ಪ್ರಕ್ರಿಯೆಯೂ ಒಂದು ಕಂಟೈನರನ್ನು ತೆರೆಯುತ್ತದೆ, ಒಳಗಿರುವ ಎಂಪಿಐ ಲೈಬ್ರರಿ ಹೊರಗಿನ ಆರಂಭಕದೊಂದಿಗೆ ಮಾತಾಡಿ ತನ್ನ ಸರದಿಸಂಖ್ಯೆಯನ್ನು ತಿಳಿದುಕೊಳ್ಳುತ್ತದೆ. ಒಳಗಿನದೂ ಹೊರಗಿನದೂ ಪರಸ್ಪರ ಅರ್ಥವಾಗುವ ಆವೃತ್ತಿಗಳಾಗಿರಬೇಕು. ಇಲ್ಲದಿದ್ದರೆ ನಡೆಯುವುದು ವಿಚಿತ್ರವಾದದ್ದು: 48 ಪ್ರಕ್ರಿಯೆಗಳನ್ನು ಕೇಳಿದರೆ 48ರಲ್ಲಿ ಪ್ರತಿಯೊಂದೂ ತಾನೊಬ್ಬನೇ ಇದ್ದೇನೆಂದು ಭಾವಿಸಿ ಇಡೀ ಗಣನೆಯನ್ನು ಒಂಟಿಯಾಗಿ ಮಾಡತೊಡಗುತ್ತದೆ. ಹಲವು ಬಾರಿ ಯಾವ ದೋಷಸಂದೇಶವೂ ಬರುವುದಿಲ್ಲ. ಒಂದೇ ಗಣನೆಯ 48 ಪ್ರತಿಗಳು ಒಂದೇ ಕಡತದ ಮೇಲೆ ಬರೆಯುತ್ತವೆ, ಹಂಚಿಕೆಯಾಗಿದ್ದ ಯಂತ್ರಸಮಯ ಕರಗಿಹೋಗುತ್ತದೆ. ಮೊದಲಿಗೆ ಎರಡೇ ಪ್ರಕ್ರಿಯೆಗಳಿಂದ ಸರದಿಸಂಖ್ಯೆ ಮತ್ತು ಒಟ್ಟು ಸಂಖ್ಯೆಯನ್ನು ಮುದ್ರಿಸಿ ನೋಡುವ ಎರಡು ನಿಮಿಷದ ಪರೀಕ್ಷೆ ಈ ನಷ್ಟವನ್ನು ತಪ್ಪಿಸುತ್ತದೆ.

ಜಾಲದ ವೇಗವೂ ಗಮನಿಸಬೇಕಾದ ಅಂಶ. ಇನ್ಫಿನಿಬ್ಯಾಂಡ್‌ನಂತಹ ವೇಗದ ಜಾಲಕ್ಕೆ ಬೇಕಾದ ಲೈಬ್ರರಿ ಕಂಟೈನರಿನೊಳಗೆ ಇಲ್ಲದಿದ್ದರೆ ಎಂಪಿಐ ಸದ್ದಿಲ್ಲದೆ ಸಾಮಾನ್ಯ ಈಥರ್ನೆಟ್ ಮಾರ್ಗವನ್ನು ಹಿಡಿಯಬಹುದು. ಉತ್ತರ ಸರಿಯಾಗಿಯೇ ಬರುತ್ತದೆ, ಆದರೆ ಬಹಳ ತಡವಾಗಿ. ಫೆನಿಕ್ಸ್ ಎಂಬ ತಂತ್ರಾಂಶವನ್ನು ಆಧರಿಸಿ ಜ್ಯಾಕ್ ಹೇಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನವು, ಆತಿಥೇಯ ಯಂತ್ರದ ಎಂಪಿಐ ಲೈಬ್ರರಿಯನ್ನು ಕಂಟೈನರಿನೊಳಗಿನಿಂದ ಬಳಸಿದರೆ ನೇರ ಸ್ಥಾಪನೆಗೆ ಸಮನಾದ ವೇಗ ದೊರೆಯುತ್ತದೆ ಎಂದು ತೋರಿಸಿತು. ಪೈಥಾನ್ ಆಧಾರಿತ ತಂತ್ರಾಂಶಗಳು ಕಂಟೈನರಿನಲ್ಲಿ ಹೆಚ್ಚು ಬೇಗ ಆರಂಭವಾಗುವುದೂ ಉಂಟು. ಸಾವಿರಾರು ಚಿಕ್ಕ ಕಡತಗಳನ್ನು ಸಾಮೂಹಿಕ ಸಂಗ್ರಹದಿಂದ ಹುಡುಕುವ ಬದಲು ಒಂದೇ ಇಮೇಜ್ ಕಡತವನ್ನು ತೆರೆದರೆ ಸಾಕಾಗುವುದು ಇದಕ್ಕೆ ಕಾರಣ.

ಸಂಸ್ಕಾರಕದ ವ್ಯತ್ಯಾಸ ಇನ್ನೊಂದು. ಅಣುಚಲನೆಯ ಗಣನೆಗೆ ಬಳಸುವ ಗ್ರೊಮ್ಯಾಕ್ಸ್ ತನ್ನನ್ನು ಕಟ್ಟುತ್ತಿರುವ ಯಂತ್ರದ ಸಂಸ್ಕಾರಕವನ್ನು ಗುರುತಿಸಿ ಅದಕ್ಕೆ ತಕ್ಕ ಆದೇಶಗಳನ್ನು ಬಳಸಿಕೊಳ್ಳುತ್ತದೆ. ಎವಿಎಕ್ಸ್-512 ಇರುವ ಯಂತ್ರದಲ್ಲಿ ಕಟ್ಟಿದ ಇಮೇಜ್ ಹಳೆಯ ಯಂತ್ರದಲ್ಲಿ ಅಕ್ರಮ ಆದೇಶವೆಂಬ ದೋಷದೊಂದಿಗೆ ನಿಂತುಬಿಡುತ್ತದೆ. ಹಳೆಯದಕ್ಕೆ ಹೊಂದುವಂತೆ ಕಟ್ಟಿದರೆ ಎಲ್ಲೆಡೆ ನಡೆಯುತ್ತದೆ, ಆದರೆ ಹೊಸ ಯಂತ್ರದ ಸಾಮರ್ಥ್ಯ ವ್ಯರ್ಥವಾಗುತ್ತದೆ. ಹಲವು ನಿರ್ಮಾಣಗಳನ್ನು ಒಂದೇ ಇಮೇಜಿನಲ್ಲಿಟ್ಟು ಆರಂಭದಲ್ಲಿ ಆಯ್ದುಕೊಳ್ಳುವುದು ಮಧ್ಯಮ ಮಾರ್ಗ. ಆರ್ಮ್ ಸಂಸ್ಕಾರಕದ ಆಪಲ್ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯ ಕ್ರಮದಲ್ಲಿ ಕಟ್ಟಿದ ಇಮೇಜಂತೂ ಇಂಟೆಲ್ ಯಂತ್ರದಲ್ಲಿ ಆರಂಭವೇ ಆಗುವುದಿಲ್ಲ. ಗ್ರಾಫಿಕ್ ಸಂಸ್ಕಾರಕಗಳ ವಿಷಯದಲ್ಲಿ ಚಾಲಕ ತಂತ್ರಾಂಶ ಆತಿಥೇಯ ಯಂತ್ರದ್ದೇ ಆಗಿರಬೇಕು. ಆಪ್ಟೇನರ್ ಅದನ್ನು ಚಾಲನೆಯ ವೇಳೆ ಕಂಟೈನರಿನೊಳಕ್ಕೆ ಜೋಡಿಸುತ್ತದೆ.

ಕರ್ನಾಟಕದಲ್ಲಿ

ರಾಜ್ಯದಲ್ಲಿ ಸಮಾಂತರ ಗಣನೆಯ ಇತಿಹಾಸ ಕಂಟೈನರ್‌ಗಳಿಗಿಂತ ಬಹಳ ಹಿಂದಿನದು. ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯಲ್ಲಿ (ಇಂದಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) 1986ರಲ್ಲಿ ರೂಪುಗೊಂಡ ಫ್ಲೋಸಾಲ್ವರ್ ಭಾರತದ ಮೊದಲ ಸಮಾಂತರ ಗಣಕವೆಂದು ಪ್ರಸಿದ್ಧವಾಗಿದೆ. ಹೆಸರೇ ಹೇಳುವಂತೆ ಅದರ ಉದ್ದೇಶ ದ್ರವಚಲನೆಯ ಸಮೀಕರಣಗಳನ್ನು ಬಿಡಿಸುವುದು. ಮುಂದೆ ಹವಾಮಾನ ಮುನ್ಸೂಚನೆಯ ಗಣನೆಗೂ ಅದನ್ನು ಬಳಸಲಾಯಿತು.

ಭಾರತೀಯ ವಿಜ್ಞಾನ ಸಂಸ್ಥೆಯ ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರದಲ್ಲಿ 2015ರಲ್ಲಿ ಸಹಸ್ರಟಿ ಎಂಬ ಕ್ರೇ ಎಕ್ಸ್‌ಸಿ40 ಯಂತ್ರ ಸ್ಥಾಪನೆಯಾಯಿತು. ಅದೇ ವರ್ಷ 4,500 ಕೋಟಿ ರೂಪಾಯಿಗಳ ಅಂದಾಜಿನಲ್ಲಿ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಆರಂಭವಾಯಿತು. ಅದರ ಅಡಿಯಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ 2022ರಲ್ಲಿ ಇದೇ ಸಂಸ್ಥೆಯಲ್ಲಿ ಕಾರ್ಯಾರಂಭ ಮಾಡಿತು. ಒಂದು ಪೆಟಾಫ್ಲಾಪ್ ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಕೋಟಿಯ ನೂರು ಪಟ್ಟು ಗಣಿತಕ್ರಿಯೆಗಳು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪರಮ್ ಯುಕ್ತಿ ಇದೆ. ಇಂತಹ ಯಂತ್ರಗಳಲ್ಲಿ ಬಳಕೆದಾರರಿಗೆ ರೂಟ್ ಅಧಿಕಾರ ಇರುವುದಿಲ್ಲ. ಗಣನೆಯನ್ನು ಸರದಿಯಲ್ಲಿ ಸಲ್ಲಿಸಬೇಕು. ಬೇರೆ ಊರಿನಲ್ಲಿ ಕುಳಿತು ಕೆಲಸ ಮಾಡುವ ಸಂಶೋಧಕರಿಗೆ, ತಮ್ಮ ಯಂತ್ರದಲ್ಲಿ ಕಟ್ಟಿ ಪರೀಕ್ಷಿಸಿದ ಇಮೇಜನ್ನೇ ಅಲ್ಲಿಗೆ ಕಳುಹಿಸುವುದು ಹಲವು ದಿನಗಳ ಓಲೆವ್ಯವಹಾರವನ್ನು ಉಳಿಸುತ್ತದೆ.

ಕಲಬುರಗಿಯ ಸುಣ್ಣಕಲ್ಲಿನ ಪ್ರದೇಶ: ಒಂದು ನಿದರ್ಶನ

ಭೀಮಾ ಮತ್ತು ಅದರ ಉಪನದಿ ಕಾಗಿಣಾದ ಬಯಲಿನಲ್ಲಿ ಭೂವಿಜ್ಞಾನಿಗಳು ಭೀಮಾ ಸಮೂಹವೆಂದು ಕರೆಯುವ ಪ್ರಾಚೀನ ಶಿಲಾಸ್ತರಗಳಿವೆ. ಮನೆಗಳ ನೆಲಕ್ಕೆ ಹಾಸುವ ಶಹಾಬಾದ ಕಲ್ಲು ಇವುಗಳಲ್ಲಿ ಎಲ್ಲರಿಗೂ ಪರಿಚಿತ. ಶಹಾಬಾದದಲ್ಲಿ ನಿಜಾಮರ ಆಳ್ವಿಕೆಯ ಕಾಲದಲ್ಲೇ ಸಿಮೆಂಟ್ ಕಾರ್ಖಾನೆ ಆರಂಭವಾಗಿತ್ತು. ಅನಂತರ ಚಿತ್ತಾಪುರ ತಾಲ್ಲೂಕಿನ ವಾಡಿ, ಸೇಡಂ ಪಟ್ಟಣ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ, ಚಿಂಚೋಳಿ ತಾಲ್ಲೂಕು ಹೀಗೆ ಉದ್ದಿಮೆ ಹರಡಿತು. ಈ ಪ್ರದೇಶದ ಎರಡು ಸಮಸ್ಯೆಗಳು ಸಿಮ್ಯುಲೇಶನ್ನಿನ ಸ್ವರೂಪವನ್ನು ಚೆನ್ನಾಗಿ ತಿಳಿಸುತ್ತವೆ.

ಮೊದಲನೆಯದು ಕುಲುಮೆ. ಸುಣ್ಣಕಲ್ಲು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಿಭಜನೆಗೊಂಡು, 100 ಕಿಲೋಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ 44 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಉಳಿದ 56 ಕಿಲೋಗ್ರಾಂ ಸುಣ್ಣ ಜೇಡಿಯ ಅಂಶಗಳೊಂದಿಗೆ ಸುಮಾರು 1,450 ಡಿಗ್ರಿಯಲ್ಲಿ ಬೆಂದು ಕ್ಲಿಂಕರ್ ಆಗುತ್ತದೆ. ಓರೆಯಾಗಿ ನಿಧಾನಕ್ಕೆ ತಿರುಗುವ ಉದ್ದನೆಯ ಉಕ್ಕಿನ ಕೊಳವೆಯೇ ಕುಲುಮೆ. ಒಳಗೆ ಶಾಖನಿರೋಧಕ ಇಟ್ಟಿಗೆಯ ಹೊದಿಕೆ ಇರುತ್ತದೆ. ಜ್ವಾಲೆ ಓರೆಯಾಗಿ ಹೊದಿಕೆಗೆ ತಾಗಿದರೆ ಇಟ್ಟಿಗೆ ಸವೆದು ಉಕ್ಕಿನ ಕವಚವೇ ಕಾಯುತ್ತದೆ, ಕುಲುಮೆ ನಿಲ್ಲಿಸಬೇಕಾಗುತ್ತದೆ. ಒಳಗಿನ ಉಷ್ಣತೆಯನ್ನು ಎಲ್ಲ ಬಿಂದುಗಳಲ್ಲಿ ಅಳೆಯುವುದು ಆಗದ ಕೆಲಸ. ಅದಕ್ಕಾಗಿ ಇಂಧನದ ಕಣಗಳ ದಹನ, ಅನಿಲದ ಪ್ರಕ್ಷುಬ್ಧ ಹರಿವು, ಶಾಖ ವಿಕಿರಣ ಇವುಗಳನ್ನು ಒಟ್ಟಿಗೆ ಗಣಿಸಲಾಗುತ್ತದೆ. ಓಪನ್‌ಫೋಮ್‌ನಲ್ಲಿ ಕಲ್ಲಿದ್ದಲಿನ ದಹನಕ್ಕೆಂದೇ ರೂಪಿಸಿದ ಸಾಧಕವಿದೆ. ಓಪನ್‌ಸಿಎಫ್‌ಡಿ ತನ್ನ ಶಾಖೆಯ ಸಿದ್ಧ ಇಮೇಜ್‌ಗಳನ್ನೂ ಒದಗಿಸುವುದರಿಂದ ಕಲಿಯುವವರು ಕಂಪೈಲ್ ಮಾಡುವ ಶ್ರಮವಿಲ್ಲದೆ ಆರಂಭಿಸಬಹುದು.

ಎರಡನೆಯದು ಅಂತರ್ಜಲ. ಕಲ್ಲುಗಣಿ ಜಲಮಟ್ಟಕ್ಕಿಂತ ಕೆಳಗಿಳಿದಾಗ ಒಸರುವ ನೀರನ್ನು ಪಂಪ್ ಮಾಡಿ ಹೊರಹಾಕಬೇಕು. ಆಗ ಸುತ್ತಲಿನ ಬಾವಿಗಳ ಮಟ್ಟ ಎಷ್ಟು ಇಳಿಯುತ್ತದೆ, ಎಷ್ಟು ದೂರದವರೆಗೆ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಮಾಡ್‌ಫ್ಲೋ ತಂತ್ರಾಂಶ 1980ರ ದಶಕದಿಂದ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಫೋರ್ಟ್ರಾನ್‌ನಲ್ಲಿ ಬರೆದ ಇದಕ್ಕೆ ಅವಲಂಬನೆಗಳು ಬಹಳ ಕಡಿಮೆ. ಕೇವಲ ಅದೊಂದಕ್ಕೆ ಕಂಟೈನರ್ ಕಟ್ಟುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಆದರೆ ಅದರ ಕಡತಗಳನ್ನು ಸಿದ್ಧಗೊಳಿಸುವ ಫ್ಲೋಪೈ ಮತ್ತು ಇತರ ಪೈಥಾನ್ ಲೈಬ್ರರಿಗಳು ಪದೇ ಪದೇ ಬದಲಾಗುವುದರಿಂದ ಇಡೀ ಸರಣಿಯನ್ನು ಒಂದು ಇಮೇಜಿನಲ್ಲಿ ಇಡುವುದರಲ್ಲಿ ಅರ್ಥವಿದೆ. ಬಾವಿ ಒಣಗಿದ ರೈತನಿಗೂ ಗಣಿಯ ಮಾಲೀಕನಿಗೂ ನಡುವೆ ವಿವಾದವಿದ್ದಾಗ, ಗಣನೆಯ ಫಲಿತಾಂಶವನ್ನು ಮೂರನೆಯವರು ಅದೇ ತಂತ್ರಾಂಶದಿಂದ ಮತ್ತೆ ನಡೆಸಿ ನೋಡಲು ಸಾಧ್ಯವಿರಬೇಕು. ಇಮೇಜ್, ದತ್ತಾಂಶ ಮತ್ತು ವಿವರಣಾ ಕಡತ ಮೂರೂ ಲಭ್ಯವಿಲ್ಲದ ವರದಿಯನ್ನು ಪರೀಕ್ಷಿಸುವುದು ಹೆಚ್ಚುಕಡಿಮೆ ಅಸಾಧ್ಯ.

ಆದರೆ ಮಾಡ್‌ಫ್ಲೋದ ಮೂಲ ಸಮೀಕರಣ ರಂಧ್ರಮಯ ಮಾಧ್ಯಮದಲ್ಲಿ ನೀರು ನಿಧಾನವಾಗಿ ಜಿನುಗುತ್ತದೆಂದು ಭಾವಿಸುತ್ತದೆ. ಸುಣ್ಣಕಲ್ಲಿನಲ್ಲಾದರೋ ನೀರು ಬಿರುಕು, ಪದರಗಳ ಸಂದು ಮತ್ತು ಕರಗಿ ಉಂಟಾದ ಪೊಳ್ಳುಗಳ ಮೂಲಕ ಹರಿಯಬಲ್ಲದು. ಕೊಳವೆಯಂತಹ ಹರಿವನ್ನು ಸೇರಿಸಿಕೊಳ್ಳುವ ಪ್ರತ್ಯೇಕ ಘಟಕವನ್ನು ಮಾಡ್‌ಫ್ಲೋ-2005ಕ್ಕೆ ಅನಂತರ ಜೋಡಿಸಲಾಯಿತು. ಯಾವ ಭಾವನೆಯನ್ನು ಆರಿಸಿದರು ಎಂಬುದನ್ನು ಕಂಟೈನರ್ ದಾಖಲಿಸುತ್ತದೆ, ಅದು ಸರಿಯೇ ಎಂಬುದನ್ನು ಬಾವಿಗಳ ಅಳತೆಯೇ ಹೇಳಬೇಕು.

ಮಿತಿಗಳು ಮತ್ತು ಪರ್ಯಾಯಗಳು

ಕರ್ನಲ್ ಹಂಚಿಕೆಯಾಗಿರುವುದರಿಂದ ತೀರ ಹಳೆಯ ಯಂತ್ರದಲ್ಲಿ ಹೊಸ ಇಮೇಜ್ ನಡೆಯದಿರಬಹುದು. ಸೆಂಟ್‌ಓಎಸ್ 6ರ 2.6.32 ಕರ್ನಲ್‌ನಲ್ಲಿ ಇಂದಿನ ಉಬುಂಟು ಇಮೇಜ್ ಕರ್ನಲ್ ಹಳೆಯದಾಯಿತೆಂದು ಹೇಳಿ ನಿಲ್ಲುತ್ತದೆ. ಇಮೇಜಿನಲ್ಲಿ ಹೆಪ್ಪುಗಟ್ಟಿದ ಲೈಬ್ರರಿಗಳಿಗೆ ಭದ್ರತಾ ತಿದ್ದುಪಡಿಗಳು ತಾವಾಗಿ ಬರುವುದಿಲ್ಲ. ಅಪರಿಚಿತರು ಕಟ್ಟಿದ ಇಮೇಜನ್ನು ನಂಬಿ ಓಡಿಸುವುದು ಅಪರಿಚಿತರ ತಂತ್ರಾಂಶವನ್ನು ನಂಬಿದಷ್ಟೇ ಅಪಾಯಕಾರಿ. ಎಸ್‌ಐಎಫ್ ಕಡತಕ್ಕೆ ಡಿಜಿಟಲ್ ಸಹಿ ಹಾಕುವ ಸೌಲಭ್ಯ ಇರುವುದು ಈ ಕಾರಣಕ್ಕೆ. ಆನ್ಸಿಸ್ ಫ್ಲುಯೆಂಟ್‌ನಂತಹ ವಾಣಿಜ್ಯ ತಂತ್ರಾಂಶವನ್ನು ಇಮೇಜಿನಲ್ಲಿಟ್ಟು ಸಾರ್ವಜನಿಕವಾಗಿ ಹಂಚುವಂತಿಲ್ಲ.

ಕಂಟೈನರ್ ಇಲ್ಲದೆಯೂ ಅವಲಂಬನೆಗಳನ್ನು ನಿರ್ವಹಿಸುವ ಸಾಧನಗಳಿವೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಸ್ಪ್ಯಾಕ್, ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ಈಸಿಬಿಲ್ಡ್ ಇವು ಮೂಲ ಸಂಕೇತದಿಂದಲೇ, ಆಯಾ ಯಂತ್ರಕ್ಕೆ ತಕ್ಕಂತೆ ತಂತ್ರಾಂಶವನ್ನು ಕಟ್ಟುತ್ತವೆ. ವೇಗವೇ ಮುಖ್ಯವಾದಲ್ಲಿ ಇವು ಮೇಲು. ಸ್ಪ್ಯಾಕ್ ತನ್ನ ಪರಿಸರ ವಿವರಣೆಯಿಂದ ಡಾಕರ್‌ಫೈಲ್ ಅಥವಾ ಸಿಂಗ್ಯುಲಾರಿಟಿ ವಿವರಣಾ ಕಡತವನ್ನು ತಾನೇ ಬರೆದುಕೊಡಬಲ್ಲದು. ಆದ್ದರಿಂದ ಒಳಗೆ ಸ್ಪ್ಯಾಕ್, ಹೊರಗೆ ಆಪ್ಟೇನರ್ ಎಂಬ ಜೋಡಣೆಯೂ ಬಳಕೆಯಲ್ಲಿದೆ.